ತಗ್ಗಿನ ಅಡುಗೆಕಟ್ಟೆ

ಮೀನಂಗಡಿಯ ಸಾಲಿನಲ್ಲಿ ಕ್ಯಾಲಮ್‌ನ ಮುಂದೆ ಮೆಲ್ಬರ್ನಿನ ವಯಸ್ಸಾದ ಗಂಡಹೆಂಡತಿ ನಿಂತಿದ್ದರು. ಕಡಲಂಚಿನ ಆ ಹಳೆಯ, ಹೆಸರುವಾಸಿ ಮನೆಯನ್ನು ಕೊಳ್ಳುವ ಮಾತು. ಊರವರ ಛಾವಣಿ ರಿಪೇರಿ ಮಾಡಿಕೊಂಡು ವ್ಯಾನಿನಲ್ಲೇ ಮಲಗುವ ಕ್ಯಾಲಮ್‌ಗೆ ಮೈಯೆಲ್ಲ ಉರಿಯಿತು.

"ಇರೋ ಮನೆ ಸಾಲ್ದಾ ಡೆಸ್? ಆ ಅಡುಗೆಕಟ್ಟೆ ನನ್ನ ತೊಡೆಗೆ ಬರತ್ತೆ. ಕಟ್ಟಿದವನೇನು ಮಹಾ ಆರ್ಕಿಟೆಕ್ಟೋ!" ಎಂದಳು ಹೆಂಡತಿ.

"ಹೆಂಡ್ತಿಗೋಸ್ಕರ ಕಟ್ಟಿದ್ದಂತೆ. ಅವಳು ಗಾಲಿಕುರ್ಚೀಲಿ ಇದ್ಲು."

"ಅದಕ್ಕೇ ಒಂದೂ ಮೆಟ್ಟಿಲಿಲ್ವಾ?"

"ಹ್ಞೂಂ."

ಆಕೆ ತನ್ನ ಕಾಲುಗಳತ್ತ ನೋಡಿದಳು.

"ನಾನು ಇನ್ನೂ ಎರಡು ವರ್ಷ ನಡೀಬಹುದು ಅಂದಿದಾರೆ ಡಾಕ್ಟ್ರು."

"ಗೊತ್ತು ಕಣೇ. ಅಲ್ಲೀವರೆಗೆ ಆ ಕಟ್ಟೇಲಿ ಬಗ್ಗಿ ಈರುಳ್ಳಿ ನಾನೇ ಹೆಚ್ತೀನಿ."

"ನೀನಾ? ಬೆರಳು ಹೆಚ್ಕೋತೀಯ."

ಅಷ್ಟರಲ್ಲಿ ಪೊಟ್ಟಣ ಬಂತು. ಆಕೆ ಗಂಡನ ಹೆಗಲು ಹಿಡಿದು ಅಂಗಡಿಯ ಎರಡು ಮೆಟ್ಟಿಲುಗಳನ್ನು ಒಂದೊಂದಾಗಿ ಇಳಿದಳು. ಅಷ್ಟೂ ಹೊತ್ತು ಕ್ಯಾಲಮ್ ಬಾಗಿಲು ಹಿಡಿದು ನಿಂತಿದ್ದ. ಸಾಲಿನಲ್ಲಿ ಅವನ ಜಾಗ ಹೋಗಿತ್ತು.