ಕಲಿಯುವ ಡಾಕ್ಟರನ ಕೈಯಲ್ಲಿ ಕಣ್ಣು

೧೯೩೭ರ ಚಳಿಗಾಲ. ಹುಕ್ಕೇರಿಯ ಧರ್ಮಶಾಲೆಯಲ್ಲಿ ಪರವೂರಿನ ಡಾಕ್ಟರರು ಕಣ್ಣಿನ ಪೊರೆ ತೆಗೆಯುತ್ತಿದ್ದರು. ಮಾವನ ಪಾಳಿಗೆ ಕಾಯುತ್ತ ನಾನು ಕಟ್ಟೆಯ ಮೇಲೆ ಕೂತಿದ್ದೆ. ಪಕ್ಕದಲ್ಲಿ ಮೂಡಲಗಿಯ ಸುಂದ್ರವ್ವ, ದಡ್ಡಿ ಊರಿಗೆ ಕೊಟ್ಟ ಅವಳ ತಂಗಿ ಅಲ್ಲವ್ವ. ಇವತ್ತು ತಂಗಿಯ ಸರದಿ.

"ಯಕ್ಕಾ, ನನಗ ದೊಡ್ಡ ಡಾಕ್ಟರ ಬೇಕು. ಕಲಿಯೋ ಹುಡುಗರ ಕೈಯಾಗ ಕಣ್ಣ ಕೊಡಂಗಿಲ್ಲ."

"ಹುಚ್ಚಿ! ಹೋದ ವರ್ಷ ನನ್ನ ಪೊರಿ ತಗದಾಂವ ಕಲಿಯೋ ಹುಡುಗನ. ಭಾಳ ಆರಾಮ ಆತು."

"ನೋವಾಗಲಿಲ್ಲೇನ?"

"ಔಷಧದ ಹನಿ ಹಾಕಿದ್ರ ಕಣ್ಣ ಮರಗಟ್ಟತೈತಿ. ಇರೋದು ಅಂಜಿಕಿ ಅಷ್ಟ. ದೊಡ್ಡವರು ಬಾಜೂಕ ನಿಂತು ಅವಗ ಮರಾಠಿಯೊಳಗ ಹೇಳಿಕೊಡತಿದ್ರು. ಈಗ ಹನಿ ಹಾಕು, ಈಗ ಸಾವಕಾಶ ಒತ್ತು. ನನಗೂ ಮರಾಠಿ ಬರತೈತಿ, ಎಲ್ಲಾ ತಿಳೀತಿತ್ತು. ಮುಂದ ಏನಂತ ಗೊತ್ತಿದ್ರ ಅಂಜಿಕಿ ಎಲ್ಲೀದು?"

"ದೊಡ್ಡವರ ಮಾಡಿದ್ರ?"

"ನಮ್ಮ ಮನಿಯವರಿಗೆ ಅವರ ಮಾಡಿದ್ರು. ಡಾಕ್ಟರು ತುಟಿ ಪಿಟಕ್ ಅನ್ನಲಿಲ್ಲ. ಈಗ ಏನ ಮಾಡತಾರೋ ಅಂತ ಇವರು ಮುಗಿಯೂತನಾ ದೇವರನ್ನ ನೆನೆದರು."

"ಹುಡುಗನ ಕೈ ನಡಗಲಿಲ್ಲೇನ?"

"ಮೊದಲ ನಡಗತು. ಅಂಜಬ್ಯಾಡೋ ಮಗನ, ನನಗ ಇನ್ನೊಂದ ಕಣ್ಣ ಐತಿ ಅಂದೆ. ಆಮ್ಯಾಲ ಕೈ ನಿಂತತು."

ಬಾಗಿಲಲ್ಲಿ ಜವಾನ ಕಾಣಿಸಿಕೊಂಡ.

"ದಡ್ಡಿ ಅಲ್ಲವ್ವ ಯಾರ್ರಿ? ಬರ್ರಿ. ನಿಮ್ಮ ದೈವ ಚಲೋ ಐತಿ, ದೊಡ್ಡವರ ಮಾಡತಾರ."

ಅಲ್ಲವ್ವ ಏಳಲಿಲ್ಲ.

"ಅವರಿಗೆ ಹೇಳಿಕೊಡಾಕ ಯಾರದಾರ್ರಿ?"

ಸುಂದ್ರವ್ವ ಸೆರಗು ಬಿಗಿದು, ತಂಗಿಯ ಕೈ ಹಿಡಿದು ಒಳಗೆ ಹೊರಡಿಸಿದಳು.

"ಏಳ, ಅವರಿಗೆ ನಾ ಬಾಜೂಕ ನಿಂತು ಹೇಳಿಕೊಡತೇನಿ."