ಗೆರೆಯಾಚೆ ಉಳಿದ ಮಂಚ

…ಅಯ್ಯೋ, ಆ ಕುಕ್ಕರ್ ಗೆರೆ ಮೇಲೆ ಇಡಬೇಡ ಕಣೇ! ಒಳಗೆ, ಇನ್ನೂ ಒಳಗೆ. ಗೆರೆ ಅಳಿಸಿಹೋದ್ರೆ ಮತ್ತೆ ಬಗ್ಗಿ ಎಳೆಯೋಕೆ ನನ್ನ ಸೊಂಟ ಒಪ್ಪಲ್ಲ. ಹಾಂ, ಹಾಗೆ. ನಗು ಯಾಕೆ? ಸಾಮಾನು ಕಳಿಸೋಕೆ ನಿನ್ನ ಹೊಸ ಆಸ್ಪತ್ರೆಯೋರು ಕೊಡೋ ಮರದ ಪೆಟ್ಟಿಗೆ ಎಷ್ಟುದ್ದ ಎಷ್ಟಗಲ ಅಂದ್ರೋ, ಅಷ್ಟಕ್ಕೇ ನೆಲದ ಮೇಲೆ ಅಳೆದು ಗೆರೆ ಹಾಕಿದೀನಿ. ಬಟ್ಟೆಗೆ ಗುರುತು ಹಾಕೋ ಚಾಕ್‌ಪೀಸು. ಗುರುತು ಹಾಕದೆ ಕತ್ತರಿ ಮುಟ್ಟಿದೋಳೇ ಅಲ್ಲ ನಿನ್ನ ಅಕ್ಕ, ನಿನಗೇ ಗೊತ್ತು. ಗೆರೆ ಒಳಗಿರೋದು ಹಡಗು ಹತ್ತುತ್ತೆ. ಹೊರಗಿರೋದು ನನ್ನ ಹತ್ರ ಉಳಿಯುತ್ತೆ. ಮುಗೀತು. ಇದರಲ್ಲಿ ನಗೋದೇನಿದೆ?

ಮಿಕ್ಸಿನೂ ತಗೊಂಡು ಹೋಗು. ಇಲ್ಲ, ಇಲ್ಲ, ತಗೊಂಡೇ ಹೋಗಬೇಕು ನೀನು. ನನಗ್ಯಾಕೆ ಅಷ್ಟು ದೊಡ್ಡ ಮಿಕ್ಸಿ, ಒಬ್ಬಳಿಗೆ… ಅಂದ್ರೆ, ಒಬ್ಬಳಿಗೋ ಇಬ್ಬರಿಗೋ, ಯಾರಿಗಾದ್ರೂ. ಸ್ಟೀಲ್ ಡಬ್ಬಗಳು ಪೂರ್ತಿ ಸೆಟ್ಟು ನಿನಗೇ. ನಿನ್ನ ಗಂಡನ ಸ್ಪಾನರು, ಸುತ್ತಿಗೆ, ಆ ತುಕ್ಕು ಹಿಡಿದ ಗರಗಸ ಎಲ್ಲ ಕಟ್ಟಿಟ್ಟಿದೀನಿ. ಅವರು ಮೊದಲೇ ಅಲ್ಲಿ ಹೋಗಿ ಮನೆ ಹಿಡಿದು ಕೂತಿದಾರೆ, ಫೋನ್ ಮಾಡಿದಾಗೆಲ್ಲ ‘ಅತ್ತಿಗೇ, ನನ್ನ ಗರಗಸ’ ಅಂತಾರೆ. ಹೆಂಡತಿ ಹೇಗಿದಾಳೆ ಅಂತ ಕೇಳ್ತಾರೋ ಇಲ್ಲವೋ, ಗರಗಸ ಮಾತ್ರ ಕೇಳ್ತಾರೆ! ನೀನು ಪುಣ್ಯವಂತೆ ಬಿಡು. ಆ ಗರಗಸದ ಜೊತೆ ಸಮುದ್ರ ದಾಟ್ತೀಯ. ಕಿಟಕಿ ತೆಗೆದ್ರೆ ಹಡಗು ಕಾಣುತ್ತಂತೆ ಆ ಮನೆಯಿಂದ. ನನ್ನ ಕಿಟಕಿ ತೆಗೆದ್ರೆ ಎದುರು ಮನೆಯೋರು ಒಣಗಿಹಾಕಿರೋ ಬನಿಯನ್ನು.

ಹೊಟ್ಟೆಕಿಚ್ಚಾ? ನನಗಾ? ಹೂಂ, ಇದೆ. ಸ್ವಲ್ಪ ಇದೆ. ಅದನ್ನೇನು ಮುಚ್ಚಿಡೋದು? ಚಿಕ್ಕಂದಿನಿಂದ ಹೊಸ ಬಟ್ಟೆ ನನಗೆ ಮೊದಲು ಬರ್ತಿತ್ತು, ಚಿಕ್ಕದಾದ್ಮೇಲೆ ನಿನಗೆ. ನೀನು ಅತ್ತು ಕರೆದು ರಂಪ ಮಾಡ್ತಿದ್ದೆ. ಈಗ ಲೆಕ್ಕ ತಿರುಗಿದೆ ನೋಡು. ಎಲ್ಲ ಹೊಸದೂ ನಿನಗೇ. ಹೊಸ ಊರು, ಹೊಸ ಮನೆ, ಆಸ್ಪತ್ರೆಯಲ್ಲಿ ಹೊಸ ಕೆಲಸ. ನಾನು ಇಲ್ಲೇ ಕೂತು ಊರವರ ಪ್ಯಾಂಟಿಗೆ ಜಿಪ್ಪು ಹಾಕ್ತಿರ್ತೀನಿ. ಇರ್ಲಿ. ಅದೂ ಯಾರಾದ್ರೂ ಮಾಡಬೇಕಲ್ಲ.

ಏಯ್, ಆ ಮಂಚ ಯಾಕೆ ಎಳೀತಿದೀಯ? ಬಿಡು. ನಿನ್ನ ಮಗಳ ಮಂಚ ಬೇಡ ಅಂತ ಬೆಳಿಗ್ಗೇನೇ ಹೇಳಿದ್ನಲ್ಲ! ಬಿಚ್ಚಿದ್ರೆ ಮತ್ತೆ ಕೂಡಲ್ಲ ಅದು, ಕಾಲಿನ ಹತ್ರ ಸೀಳಿದೆ, ಮೊಳೆ ಹೊಡೆದು ನಿಲ್ಲಿಸಿದೀನಿ. ಅಲ್ಲಿ ಹೊಸದು ತಗೊಂಡ್ರಾಯ್ತು. ಅದೂ ಅಲ್ದೆ ಎಷ್ಟು ದಿನ ಮಲಗ್ತಾಳೆ ಅದರಲ್ಲಿ? ಈಗಲೇ ಕಾಲು ಹೊರಗೆ ಬರುತ್ತೆ. ನೀನು ನೋಡಿಲ್ಲ. ನೀನು ರಾತ್ರಿ ಡ್ಯೂಟಿ ಮುಗಿಸಿ ಬರೋ ಹೊತ್ತಿಗೆ ಅವಳು ಎದ್ದು ಹಲ್ಲುಜ್ಜಿ ಕೂತಿರ್ತಿದ್ಲು. ಮಲಗಿದ ಗುಬ್ಬಿನ ನೀನು ಎಲ್ಲಿ ನೋಡಿದೀಯ ಹೇಳು?

…ತಪ್ಪಾಯ್ತು. ಹಾಗೆ ಅನ್ನಬಾರದಿತ್ತು. ನೀನೇನು ಸಿನಿಮಾ ನೋಡೋಕೆ ಹೋಗ್ತಿದ್ಯಾ, ಪಾಪ. ರೋಗಿಗಳ ಹಾಸಿಗೆ ಬದಲಾಯಿಸ್ತಾ ರಾತ್ರಿಯೆಲ್ಲ ನಿಂತಿರ್ತಿದ್ದೆ. ಆ ಸಂಬಳದಲ್ಲೇ ಮೂರು ಜನರ ಹೊಟ್ಟೆ ತುಂಬಿದ್ದು. ಗೊತ್ತು ನನಗೆ. ಆದ್ರೂ… ಮೂರು ತಿಂಗಳ ಕೂಸನ್ನ ನನ್ನ ಮಡಿಲಿಗೆ ಹಾಕಿ ಹೋದೆ ನೀನು. ಒಂದು ಕಾಲಲ್ಲಿ ಮಷೀನು ತುಳೀತಾ, ಇನ್ನೊಂದು ಕಾಲಲ್ಲಿ ತೊಟ್ಟಿಲು ತೂಗಿದೋಳು ನಾನು. ಮಷೀನು ನಿಂತ್ರೆ ಎದ್ದುಬಿಡ್ತಿದ್ಲು, ಗೊತ್ತಾ? ಆ ಸದ್ದೇ ಜೋಗುಳ. ಹೊಲಿಯೋಕೆ ಏನೂ ಇಲ್ಲದ ದಿನವೂ ಸುಮ್ನೆ ಖಾಲಿ ಮಷೀನು ತುಳೀತಿದ್ದೆ. ಅಲ್ಲಿ ಯಾರು ತುಳೀತಾರೆ?

ಹಾಂ! ಅಲ್ಲಿ ಬೆಕ್ಕಿನ ಅಜ್ಜಿ ಇದಾಳಲ್ಲ! ಮರೆತೇಬಿಟ್ಟಿದ್ದೆ. ಮನೆ ಓನರಮ್ಮ. ಕೆಳಗಡೆನೇ ಇರ್ತಾಳೆ, ನೀನು ಡ್ಯೂಟಿಗೆ ಹೋದಾಗ ಮಗೂನ ನೋಡ್ಕೊಳ್ತಾಳೆ, ಎಲ್ಲ ಗೊತ್ತು, ಹತ್ತು ಸಲ ಹೇಳಿದೀಯ. ಮೊನ್ನೆ ಫೋನಲ್ಲಿ ನೋಡಿದ್ನಲ್ಲ ಅವಳನ್ನ. ಏನು ತಲೆಗೂದಲು, ಹತ್ತಿ ಉಂಡೆ! ಬೆಕ್ಕನ್ನ ಎತ್ತಿ ಎತ್ತಿ ತೋರಿಸಿದ್ದೇ ತೋರಿಸಿದ್ದು. ಗುಬ್ಬಿ ಮಾತು ಅವಳಿಗೆ ಬರಲ್ಲ, ಅವಳ ಮಾತು ಗುಬ್ಬಿಗೆ ಬರಲ್ಲ. ಬೆಕ್ಕು ಆಕಳಿಸಿದ್ರೆ ಇಬ್ಬರೂ ಬಿದ್ದು ಬಿದ್ದು ನಗೋದು! ಗುಬ್ಬಿ ನನ್ನ ಕೈಯಿಂದ ಫೋನ್ ಕಿತ್ಕೊಂಡ್ಲು. ಕಿತ್ಕೊಂಡ್ಲು ಕಣೇ. ‘ದೊಡ್ಡಮ್ಮ ನೀನು ಆ ಕಡೆ ಹೋಗು, ಅಜ್ಜಿ ಕಾಣಿಸ್ತಿಲ್ಲ’ ಅಂದ್ಲು. ನನ್ನ ತಲೆ ಅಡ್ಡ ಬರ್ತಿತ್ತಂತೆ. ನಾನು ಎದ್ದು ಹೋಗಿ ಒಲೆ ಒರೆಸಿದೆ. ಒರೆಸಿದ್ದ ಒಲೇನೇ ಮತ್ತೆ ಒರೆಸಿದೆ.

ಹೀಗೆ ನೋಡಬೇಡ. ಎಲ್ಲರಿಗೂ ಆಗುತ್ತೆ. ನಿನಗೂ ಆಗ್ತಿತ್ತು ಒಂದು ಕಾಲದಲ್ಲಿ, ನಾನು ನೋಡಿಲ್ಲ ಅನ್ಕೊಂಡ್ಯಾ? ಮಾತು ಕಲಿಯೋವಾಗ ಅವಳು ‘ಅಮ್ಮ’ ಅಂತ ಮೊದಲು ಕರೆದದ್ದು ನನ್ನನ್ನ. ನೀನು ಯೂನಿಫಾರಂ ಬಿಚ್ಚದೆ ಹಾಗೇ ಬಾಗಿಲಲ್ಲಿ ನಿಂತುಬಿಟ್ಟೆ. ‘ಅಲ್ಲ ಪುಟ್ಟಾ, ನಾನು ದೊಡ್ಡಮ್ಮ, ಅಮ್ಮ ಅಲ್ಲಿದಾಳೆ ನೋಡು’ ಅಂತ ಯಾರು ತಿದ್ದಿದ್ದು? ನಾನು. ದಿನಾ ತಿದ್ದಿದೆ. ಬಾಯಿಪಾಠ ಮಾಡಿಸಿದೆ. ಬೇಕಾಗಿತ್ತಾ ನನಗೆ? ಯಾವ ದೊಡ್ಡಸ್ತಿಕೆಗೆ ಮಾಡಿದ್ನೋ!

ಬಿಡು, ಹಳೇದು. ಆ ದಪ್ಪ ಕಂಬಳಿ ಒಳಗೆ ಹಾಕು. ನಿನ್ನ ಪುಸ್ತಕಗಳನ್ನ ಅಡಿಗೆ ಹಾಕು, ತೂಕ ಕೆಳಗಿರ್ಲಿ. ಏನು, ಜಾಗ ಉಳಿದಿದೆಯಾ? ಉಳೀಲಿ. ನನ್ನ ಇಸ್ತ್ರಿ ಪೆಟ್ಟಿಗೆ ತಗೋ. ನಿಜವಾಗ್ಲೂ ತಗೋ. ಗೋಡೆ ಗಡಿಯಾರ ತಗೋ. ಕುರ್ಚಿ ಬೇಕಾ? ಒಂದು ಕುರ್ಚಿ ಹಿಡಿಯುತ್ತೆ, ಕಾಲು ಮೇಲೆ ಮಾಡಿದ್ರೆ…

ಏನು? ಗುಬ್ಬೀನ ಯಾಕೆ ನೋಡ್ತಿದೀಯ ಆ ಕಡೆ? ಅವಳು ಹಿಂದಿನ ರೂಮಲ್ಲಿ ಚಿತ್ರ ಬರ್ಕೊಂಡು ಕೂತಿದಾಳೆ, ಕೂತಿರ್ಲಿ. ಮೊನ್ನೆಯಿಂದ ನಿನ್ನ ಹತ್ರ ಮಾತಾಡ್ತಿಲ್ಲ ಅಂತೀಯ, ಮುಖ ಊದಿಸ್ಕೊಂಡಿದಾಳೆ ಅಂತೀಯ… ನನ್ನ ಹತ್ರ ಚೆನ್ನಾಗೇ ಇದಾಳಪ್ಪ. ನಾನೇ ತಲೆ ಬಾಚ್ದೆ, ನಾನೇ ಊಟ ಮಾಡಿಸ್ದೆ. ರಾತ್ರಿ ನನ್ನ ಪಕ್ಕದಲ್ಲೇ ಬಂದು ಮಲಗಿದ್ಲು, ನನ್ನ ಸೆರಗು ಮುಷ್ಟಿಯಲ್ಲಿ ಹಿಡ್ಕೊಂಡು. ಮಕ್ಕಳಿಗೆ ಗೊತ್ತಾಗುತ್ತೆ, ಯಾರು… ಏನಿಲ್ಲ. ಜ್ವರ ಗಿರ ಏನೂ ಇಲ್ಲ, ಥರ್ಮಾಮೀಟರ್ ಒಳಗಿಡು. ಎಲ್ಲದಕ್ಕೂ ಥರ್ಮಾಮೀಟರ್ ತೆಗೀತೀಯ ನೀನು.

ಯಾಕೆ ಹಾಗೆ ನಿಂತ್ಕೊಂಡೆ?

ಏನು ನೋಡ್ತಿದೀಯ? ಅದು ಉಳಿಯೋ ರಾಶಿ ಕಣೇ. ಗೆರೆ ಆಚೆಗಿರೋದು. ಹೂಂ, ಮಂಚ. ಮಂಚದ್ದು ಹೇಳಿದ್ನಲ್ಲ. ಆ ಪುಟ್ಟ ಕುರ್ಚಿಗೆ ಒಂದು ಕಾಲೇ ಗಿಡ್ಡ. ಬಣ್ಣದ ಪೆನ್ಸಿಲ್ಲು ಅಲ್ಲಿ ಸಿಗಲ್ವಾ? ಗೊಂಬೆ… ಗೊಂಬೆ ಹಳೇದು, ಒಂದು ಕಣ್ಣಿಲ್ಲ. ಸ್ವೆಟರ್ರಾ? ಅದು ಚುಚ್ಚುತ್ತೆ ಅವಳಿಗೆ. ಚಳಿ ಊರು ಅಂತ ನನಗೂ ಗೊತ್ತಮ್ಮ, ಆದ್ರೆ ಚುಚ್ಚೋ ಸ್ವೆಟರ್ ಹಾಕಿ ಮಗೂನ… ಸ್ಕೂಲ್ ಬ್ಯಾಗು, ಹೂಂ. ಚಪ್ಪಲಿ. ಸರಿ, ಅದೂ. ಏನೀಗ? ಒಂದೊಂದಾಗಿ ಎತ್ತಿ ನನ್ನ ಮುಂದೆ ಹಿಡೀಬೇಡ! ನಾನೇನು ಕಳ್ಳೀನಾ?

ಗೆರೆ ಒಳಗೆ ಅವಳದ್ದು ಒಂದೂ ಇಲ್ಲ. ಸರಿ. ಇಲ್ಲ. ಕಾಕತಾಳೀಯ. ಒಂದೊಂದಕ್ಕೂ ಕಾರಣ ಹೇಳಿದ್ನಲ್ಲ ನಾನು?

ಅದನ್ನ ಬಿಚ್ಚಬೇಡ. ಆ ಗಂಟು ಬೇಡ, ಅದು ಹೊಲಿಗೆ ಬಟ್ಟೆ, ಗಿರಾಕೀದು. ಹೇಳಿದೆ ಬಿಚ್ಚಬೇಡ ಅಂತ… ಹೂಂ. ನೀಲಿ ಫ್ರಾಕು. ಸ್ಕೂಲ್ ಯೂನಿಫಾರಂ. ಗಿರಾಕಿ ಮಗಳದ್ದು ಅಂದ್ನಲ್ಲ. ಈ ಬೀದಿ ಮಕ್ಕಳೆಲ್ಲ ಅದೇ ಸ್ಕೂಲಿಗೆ ಹೋಗೋದು, ನೀಲಿ ಫ್ರಾಕು ಯಾರದ್ದಾದ್ರೂ ಆಗಬಹುದು. ಕಾಲರ್ ಒಳಗೆ ಯಾಕೆ ತಿರುಗಿಸ್ತೀಯ…

…ಹೌದು. ಕೆಂಪು ದಾರದ ಗುಬ್ಬಿ. ನಾನೇ ಹಾಕಿದ್ದು. ಅವಳ ಎಲ್ಲಾ ಬಟ್ಟೆಗೂ ಹಾಕ್ತೀನಿ, ಸ್ಕೂಲಲ್ಲಿ ಅದಲು ಬದಲು ಆಗದೆ ಇರ್ಲಿ ಅಂತ. ಉದ್ದ ಜಾಸ್ತಿ ಇದೆ, ಅಲ್ವಾ? ಮುಂದಿನ ವರ್ಷಕ್ಕೆ ಹೊಲಿದದ್ದು. ಮಡಿಕೆ ಬಿಟ್ಟಿದೀನಿ ಒಳಗೆ, ಅದರ ಮುಂದಿನ ವರ್ಷಕ್ಕೂ ಬರುತ್ತೆ.

ಮಾತಾಡು.

ಮಾತಾಡೇ. ಬೈಯಿ. ‘ಅಕ್ಕಾ, ಏನು ಹುಚ್ಚು ನಿನಗೆ’ ಅನ್ನು. ಯಾವಾಗ್ಲೂ ಅಂತೀಯಲ್ಲ. ಹೀಗೆ ಫ್ರಾಕು ಹಿಡ್ಕೊಂಡು ನಿಲ್ಲಬೇಡ. ರೋಗಿ ಮುಖ ನೋಡಿದ ಹಾಗೆ ನೋಡಬೇಡ ನನ್ನ. ನಾನೇನು ಮಾಡಿದೆ? ಫ್ರಾಕು ಹೊಲಿದೆ. ಮನಸ್ಸು ತಡೀಲಿಲ್ಲ, ಬಟ್ಟೆ ಇತ್ತು, ಹೊಲಿದೆ. ಅಷ್ಟೇ. ಇನ್ನೇನೂ ಇಲ್ಲ.

…

ಇನ್ನೇನೂ ಇಲ್ಲ ಅಂದ್ನಲ್ಲ!

…

ಮೊನ್ನೆ. ಆ ಬೆಕ್ಕಿನ ಅಜ್ಜಿ ಫೋನ್ ಇಟ್ಟ ಮೇಲೆ. ನೀನು ಡ್ಯೂಟಿಗೆ ಹೊರಟಿದ್ದೆ. ನಾನು ಈ ಗೆರೆ ಎಳೀತಿದ್ದೆ. ಗುಬ್ಬಿ ಬಂದು ಗೆರೆ ಒಳಗೆ ಹೋಗಿ ಕೂತ್ಲು, ‘ನಾನೂ ಪೆಟ್ಟಿಗೆಯೊಳಗೆ’ ಅಂತ. ಬೆಕ್ಕಿನ ಹಾಗೆ ಮಿಯಾಂವ್ ಅಂದ್ಲು. ಆ ಮಿಯಾಂವ್ ಕೇಳಿ ನನಗೆ ಏನಾಯ್ತೋ… ‘ಎದ್ದೇಳು, ಜಾಗ ಇಲ್ಲ’ ಅಂದೆ. ತಮಾಷೆಗೇ ಶುರು ಮಾಡಿದ್ದು ಕಣೇ, ಆಣೆಗೂ. ‘ಯಾಕಿಲ್ಲ?’ ಅಂದ್ಲು. ‘ಅಮ್ಮ ಹೇಳಿದಾಳೆ, ಈ ಸಲ ಜಾಗ ಸಾಲಲ್ಲ ಅಂತ. ನೋಡು ನಿನ್ನ ಮಂಚ ಎಲ್ಲಿದೆ, ಗೆರೆ ಆಚೆ. ನೀನು ನನ್ನ ಹತ್ರ ಇರ್ತೀಯ. ಅಮ್ಮ ಒಬ್ಬಳೇ ಹೋಗ್ತಾಳೆ’ ಅಂದೆ. ಅವಳು ಎದ್ದು ಆಚೆ ಬಂದ್ಲು. ಗೆರೆ ತುಳೀದ ಹಾಗೆ, ಕಾಲೆತ್ತಿ, ಜೋಪಾನವಾಗಿ. ನಂಬಿಬಿಟ್ಲು. ನಾನು ಹೇಳಿದ್ದನ್ನ ಅವಳು ಯಾವತ್ತು ನಂಬಿಲ್ಲ?

‘ಅಮ್ಮನ್ನ ಕೇಳಬೇಡ, ಕೇಳಿದ್ರೆ ಅಮ್ಮ ಅಳ್ತಾಳೆ’ ಅಂತಲೂ ಹೇಳ್ದೆ. ಅದಕ್ಕೇ ಅವಳು ನಿನ್ನ ಹತ್ರ ಬಾಯಿ ಬಿಡ್ತಿಲ್ಲ. ಜ್ವರ ಅಲ್ಲ.

ನಿನ್ನ ಮೇಲೆ ಮುನಿಸ್ಕೊಂಡ್ರೆ ‘ನಾನು ಬರಲ್ಲ’ ಅಂತ ಅವಳೇ ಹಟ ಹಿಡೀತಾಳೆ ಅನ್ಕೊಂಡೆ. ಹಟ ಹಿಡಿದ್ರೆ ನೀನೇ ‘ಸರಿ, ಒಂದು ವರ್ಷ ಅಕ್ಕನ ಹತ್ರ ಇರ್ಲಿ’ ಅಂತೀಯ, ನಾನು ಬಾಯಿಬಿಟ್ಟು ಕೇಳೋದು ತಪ್ಪುತ್ತೆ… ಹೀಗೆಲ್ಲ ಅನ್ಕೊಂಡೆ. ಆದ್ರೆ ಅವಳು ಹಟಾನೂ ಮಾಡ್ಲಿಲ್ಲ, ಅಳಲೂ ಇಲ್ಲ. ನಿನ್ನೆ ಅನ್ನ ಕಲಸಿ ಬಾಯಿಗಿಡ್ತಿದ್ದೆ, ಕೇಳಿದ್ಲು. ‘ದೊಡ್ಡಮ್ಮ, ನಾನೇನು ತಪ್ಪು ಮಾಡಿದೆ? ಹೇಳು, ಇನ್ಮೇಲೆ ಮಾಡಲ್ಲ.’ ನಾನು… ‘ಬಾಯಿ ತೆಗಿ, ತುತ್ತು ಆರುತ್ತೆ’ ಅಂದೆ. ಬಾಯಿ ತೆಗೆದ್ಲು.

ಎಲ್ಲಿಗೆ? ನಿಲ್ಲು. ನಿಲ್ಲೇ ಒಂದು ನಿಮಿಷ, ಕೈ ಬಿಡಿಸ್ಕೋಬೇಡ. ನೀನು ಹೋಗಿ ‘ಕರ್ಕೊಂಡು ಹೋಗ್ತೀನಿ’ ಅಂದ್ರೆ ಅವಳು ನನ್ನ ಕಡೆ ನೋಡ್ತಾಳೆ, ನಿಜಾನಾ ಅಂತ. ಹಾಗೆ ಬೆಳೆಸಿಬಿಟ್ಟಿದೀನಿ. ಸುಳ್ಳು ನನ್ನದು, ನಾನೇ ಹೇಳಬೇಕು. ದೊಡ್ಡಮ್ಮ ಸುಳ್ಳು ಹೇಳಿದ್ಲು, ಅಮ್ಮ ಯಾವತ್ತೂ ಹಾಗಂದಿಲ್ಲ, ನೀನೇನೂ ತಪ್ಪು ಮಾಡಿಲ್ಲ. ಮೂರೇ ಮಾತು. ಆಮೇಲೆ ಅವಳು ನನ್ನ ಮುಖ ನೋಡಿದ್ರೆ ನೋಡಿದ್ಲು, ಇಲ್ಲದಿದ್ರೆ ಇಲ್ಲ.

ಆದ್ರೆ ನನ್ನ ಮೇಲೆ ನನಗೇ ನಂಬಿಕೆ ಇಲ್ಲ ಕಣೇ. ಆ ಮುಖ ನೋಡಿದ ತಕ್ಷಣ ಏನಾದ್ರೂ ಕಥೆ ಕಟ್ಟಿಬಿಡ್ತೀನಿ, ಆಸ್ಪತ್ರೆಯೋರು ಹೇಳಿದ್ರು, ಹಡಗಿನೋರು ಹೇಳಿದ್ರು ಅಂತ. ಬಾ ನನ್ನ ಜೊತೆ. ಒಳಗೆ ಬರಬೇಡ, ಬಾಗಿಲ ಹತ್ರ ನಿಂತಿರು. ನೀನು ಏನೂ ಮಾತಾಡೋದು ಬೇಡ. ನಾನು ಮಾತು ತಿರುಗಿಸ್ತಿದೀನಿ ಅನ್ನಿಸಿದ್ರೆ ಮಾತ್ರ ಒಂದು ಸಲ ಕೆಮ್ಮು. ಅಷ್ಟು ಸಾಕು ನನಗೆ.

ಗುಬ್ಬೀ… ಪುಟ್ಟಾ, ಪೆನ್ಸಿಲ್ ಕೆಳಗಿಡು ಒಂದು ನಿಮಿಷ. ದೊಡ್ಡಮ್ಮ ಮೊನ್ನೆ ನಿನಗೆ ಒಂದು ಮಾತು ಹೇಳಿದ್ಲಲ್ಲ… ಅದು, ಆ ಹಡಗಿನೋರು ಏನಂದ್ರು ಅಂದ್ರೆ…

…ಹೂಂ. ಕೇಳಿಸ್ತು. ಕೇಳಿಸ್ತು ಕಣೇ.

ಇಲ್ಲ ಪುಟ್ಟಾ. ಹಡಗಿನೋರಲ್ಲ.