ಬಾವಿ ಪಕ್ಕದ ಖಾಲಿ ಜಾಗ

ದೀಪ ಸಣ್ಣಗೆ ಮಾಡಿ. ನಗೋರು ಈಗಲೇ ನಕ್ಕುಬಿಡಿ, ಆಮೇಲೆ ನಕ್ರೆ ನಂಗೆ ಸಿಟ್ಟು ಬರತ್ತೆ. ಇದು ನನ್ನ ಚಿಕ್ಕಪ್ಪನ ಮಗ ಎಗಿಲ್‌ಗೆ ಆಗಿದ್ದು. ಇಲ್ಲೇ, ಬರ್ಗನ್ನಲ್ಲಿ, ನಮ್ಮ ಓಣೀಲೇ.

ಅವನ ಹೆಂಡತಿ ರಾನ್ವೈಗ್ ಚಿತ್ರ ಬರೆಯೋಳು. ಊರು ಹಿಂದೆ ಹೇಗಿತ್ತು ಅಂತ ಬರೆಯೋದೇ ಅವಳ ಕೆಲಸ. ಹಳೇ ಮರದ ಮನೆಗಳು, ಹಡಗುಕಟ್ಟೆ, ಮೀನು ಒಣಹಾಕೋರು. ಜನರನ್ನ ಮಾತ್ರ ಯಾವಾಗ್ಲೂ ಬೆನ್ನು ತಿರುಗಿಸಿಯೇ ಬರೆಯೋಳು. "ಸತ್ತೋರ ಮುಖ ನಾನು ನೋಡಿದೀನಾ? ಸುಳ್ಳು ಮುಖ ಯಾಕೆ ಅಂಟಿಸಲಿ?" ಅನ್ನೋಳು.

ಆಗ ಹಳೇ ಬೆಂಕಿಯ ಚಿತ್ರ ಬರೀತಿದ್ಲು. ಇಡೀ ಓಣಿ ಸುಟ್ಟುಹೋದ ಬೆಂಕಿ. ಬಾವಿಯಿಂದ ಮನೆಗಳ ತನಕ ಜನ ಸಾಲಾಗಿ ನಿಂತು ತೊಗಲಿನ ಬಕೆಟ್ಟು ಕೈಯಿಂದ ಕೈಗೆ ದಾಟಿಸ್ತಿದ್ದಾರೆ. ಎಗಿಲ್ ಸುಮ್ನಿರಬೇಕಲ್ಲ! "ಬೆನ್ನು ಬರೆದೂ ಬರೆದೂ ಗಂಡನ ಮುಖಾನೇ ಮರೆತುಬಿಟ್ಯಾ? ಕನ್ನಡಕ ಹಾಕ್ಕೊಂಡು ನೋಡೇ" ಅಂತ ರೇಗಿಸಿದ. ಅವಳೂ ಹಟಕ್ಕೆ ಬಿದ್ದು ಬಾವಿ ಪಕ್ಕದಲ್ಲಿ ಅವನನ್ನೇ ನಿಲ್ಲಿಸಿದ್ಲು. ಮುಖ ನಮ್ಮ ಕಡೆಗೆ.

ಆ ರಾತ್ರಿ ಅವನು ನಮ್ಮ ಓಣಿಯ ಅದೇ ಬಾವಿ ಹಾದು ಮನೆಗೆ ಬರ್ತಿದ್ದ. ನಾವು ಹುಟ್ಟೋಕೆ ಮುಂಚೇನೇ ಕಬ್ಬಿಣದ ಮುಚ್ಚಳ ಇಟ್ಟು ಬೆಸುಗೆ ಹಾಕಿರೋ ಬಾವಿ ಅದು. ಒಳಗಿಂದ... ಕಿರ್ರ್... ಕಿರ್ರ್... ಸರಪಳಿ. ಆಮೇಲೆ ದುಡುಂ ಅಂತ ಬಕೆಟ್ಟು ನೀರಿಗೆ ಬಿತ್ತು.

ಕಿವಿ ಹತ್ರಾನೇ ಯಾರೋ ಪಿಸುಗುಟ್ಟಿದ್ರು. "ಹಿಡಿಯೋ."

ಹಿಡಿದ. ಏನು ಹಿಡಿದ್ನೋ ಅವನಿಗೇ ಗೊತ್ತಿಲ್ಲ. ಬೆಳಗಾಗೋ ಹೊತ್ತಿಗೆ ನನ್ನ ಬಾಗಿಲು ಬಡಿದ. ತೋಳು ಒದ್ದೆ, ಅಂಗೈ ತುಂಬ ಬೊಬ್ಬೆ, ಮೈಯೆಲ್ಲ ಹೊಗೆ ವಾಸನೆ.

"ಅಕ್ಕಾ, ಬಿಡ್ತಾನೇ ಇಲ್ಲ ಕಣೇ ಆ ಬಕೆಟ್ಟಿನ ಸಾಲಿನೋರು. ರಾತ್ರಿ ಮತ್ತೆ ಬರಬೇಕಂತೆ."

ದಿನಾ ಹೋದ. ಮಂಚಕ್ಕೆ ಕಟ್ಟಿಹಾಕಿದ್ರೂ ಹೋದ. ಆಳು ಅರ್ಧ ಇಳಿದುಹೋದ. ಹೀಗೇ ಆದ್ರೆ ಇವನು ಉಳಿಯಲ್ಲ ಅಂತ ನನಗೂ ರಾನ್ವೈಗ್‌ಗೂ ಗೊತ್ತಾಗಿಹೋಯ್ತು. ಕೊನೆಗೆ ಅವಳು ಬ್ಲೇಡ್ ತಗೊಂಡು ಚಿತ್ರದಿಂದ ಅವನನ್ನ ಕೆರೆದು ತೆಗೆದ್ಲು. ಆ ರಾತ್ರಿ ನಾನೂ ಅವರ ಮನೇಲೇ ಇದ್ದೆ.

ಎಗಿಲ್ ನಿದ್ದೆ ಹೋದ. ಆದ್ರೆ ಸರಪಳಿ ಸದ್ದು ಮನೆಯೊಳಗೇ ಬಂತು. ಸೂರಿನಿಂದ ಹೊಗೆ ಇಳೀತು. ಗೋಡೆ ಮುಟ್ಟಿದೆ... ಅಯ್ಯಪ್ಪಾ, ಬಿಸಿ! ಕಿಟಕಿಯಾಚೆ ಪಿಸುಮಾತು: "ಸಾಲು ತುಂಡಾಯ್ತು... ಒಬ್ಬರು ಬೇಕು..."

ರಾನ್ವೈಗ್ ನನ್ನ ಕೈ ಹಿಡಿದ್ಲು. "ಇವನನ್ನ ನೋಡ್ಕೋ ಅಕ್ಕ."

"ಏನ್ ಮಾಡೋಕೆ ಹೊರಟಿದೀಯೇ?"

ಕನ್ನಡಕ ಏರಿಸಿಕೊಂಡ್ಲು. ಮೇಜಿನ ಹತ್ರ ಕೂತ್ಲು. ಸರ್... ಸರ್... ಪೆನ್ನಿನ ಸದ್ದು. ನಾನು ನೀರು ತರೋಕೆ ಅಡುಗೆಮನೆಗೆ ಹೋಗಿ ಬಂದೆ, ಅಷ್ಟೇ. ಹೊಗೆ ಇಲ್ಲ. ಗೋಡೆ ತಣ್ಣಗಿದೆ. ಕುರ್ಚಿ ಖಾಲಿ.

ಚಿತ್ರದಲ್ಲಿ ಬಾವಿ ಪಕ್ಕ ಅವಳು ನಿಂತಿದ್ಲು. ಮುಖ ನಮ್ಮ ಕಡೆಗೆ. ಕನ್ನಡಕ ಇರಲಿಲ್ಲ.

ಎಗಿಲ್ ಬದುಕಿದಾನೆ. ಏನು ಬದುಕೋ, ಮಳೆ ಬರ್ಲಿ ಹಿಮ ಬೀಳ್ಲಿ, ಆ ಬಾವಿಕಟ್ಟೆ ಮೇಲೇ ಕೂತಿರ್ತಾನೆ. ಅವಳನ್ನ ಹುಡುಕೋಕೆ ಅಂತ ಪೊಲೀಸರು ಮುಚ್ಚಳಾನ ಕೊಯ್ದು ತೆಗೆದ್ರು. ಬಾಯಿ ತನಕ ಹಳೇ ಮಣ್ಣು ತುಂಬಿತ್ತು, ಹನಿ ನೀರಿಲ್ಲ. ಆ ಮಣ್ಣಿನ ಮೇಲೆ ಅವಳ ಕನ್ನಡಕ, ಮಡಚಿಟ್ಟ ಹಾಗೆ. ನಾನೇ ಎತ್ತಿಕೊಂಡೆ, ಈ ಕೈಯಲ್ಲೇ. ನನ್ನಾಣೆ, ಸುಳ್ಳಲ್ಲ... ಗಾಜು ಬಿಸಿ ಇತ್ತು.